‘ಹೀಟ್’ ನಾಮಪದವೇ, ಕ್ರಿಯಾಪದವೇ?

ಹಗರಿಬೊಮ್ಮನಹಳ್ಳಿಯ ಯಾವುದಾದರೊಂದು ಹಿಟ್ಟಿನ ಗಿರಣಿಯ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಜೋಳದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಗಿರಣಿಯವನು ಮೋಟಾರಿನ ಮೇಲೆ ಅಂಗೈ ಇಟ್ಟು, “ಮೋಟ್ರು ಹೀಟ್ ಆಗೇತಿ, ಸ್ವಲ್ಪ ತಡೀರಿ” ಎನ್ನುತ್ತಾನೆ. ಹಿಟ್ಟು ಬೀಳುವ ಚೀಲದ ಬಾಯಿಗೆ ಕೈ ಒಡ್ಡಿದರೆ ಅದೂ ಬಿಸಿ.

ಅದೇ ಹೊತ್ತಿಗೆ ಪಕ್ಕದ ಬೀದಿಯ ಮನೆಯೊಂದರಲ್ಲಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿರುವ ಹುಡುಗಿಯೊಬ್ಬಳು ಇಂಗ್ಲಿಷ್ ಭೌತವಿಜ್ಞಾನದ ಪುಸ್ತಕ ತೆರೆದು ಕೂತಿದ್ದಾಳೆ ಎಂದುಕೊಳ್ಳಿ. ಒಂದು ಸಾಲಿನಲ್ಲಿ ‘ಹೀಟ್’ ಎಂದರೆ ಉಷ್ಣ. ಮುಂದಿನ ಸಾಲಿನಲ್ಲಿ ‘ಹೀಟ್ ದ ವಾಟರ್’, ಅಂದರೆ ನೀರನ್ನು ಕಾಯಿಸು. ಇನ್ನೂ ಸ್ವಲ್ಪ ಕೆಳಗೆ ‘ಹೀಟ್ ಇಂಜಿನ್’, ಅಲ್ಲಿ ಅದು ಇಂಜಿನ್ನಿಗೆ ವಿಶೇಷಣದಂತೆ ಅಂಟಿಕೊಂಡಿದೆ. ಪದದ ರೂಪದಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಆಕೆಗೆ ಭೌತವಿಜ್ಞಾನ ಕಷ್ಟವೋ ಇಂಗ್ಲಿಷ್ ಕಷ್ಟವೋ ಎಂಬುದೇ ತಿಳಿಯದೆ ಹೋಗಬಹುದು. ಇಂಥ ವಿದ್ಯಾರ್ಥಿಗಳನ್ನು ನಾವೆಲ್ಲ ಕಂಡವರೇ. “ಇಂಗ್ಲಿಷ್ ವೀಕು” ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ಆಕೆಯ ಗೊಂದಲಕ್ಕೆ ಸಾವಿರ ವರ್ಷದ ಚರಿತ್ರೆಯಿದೆ. ಅದಕ್ಕಿಂತ ಮುಖ್ಯವಾಗಿ, ‘ಹೀಟ್’ ಪದದ ವಿಷಯದಲ್ಲಿ ಭೌತವಿಜ್ಞಾನಿಗಳೇ ಗೊಂದಲಕ್ಕೆ ಸಿಕ್ಕಿ ಜಗಳವಾಡಿದ್ದಾರೆ.

ಬಾಲ ಕಳೆದುಕೊಂಡ ಪದಗಳು

ಇಂಗ್ಲಿಷಿನಲ್ಲಿ ಒಂದೇ ಪದ ಎಷ್ಟು ಪಾತ್ರ ವಹಿಸಬಲ್ಲದು? ‘ರೌಂಡ್’ ಪದವನ್ನು ನೋಡಿ. ದುಂಡು ಮೇಜು ಎನ್ನುವಲ್ಲಿ ಅದು ಗುಣವಾಚಕ. ಕುಸ್ತಿಯ ಮೊದಲ ರೌಂಡ್ ಎನ್ನುವಲ್ಲಿ ನಾಮಪದ. ದಶಮಾಂಶವನ್ನು ಹತ್ತಿರದ ಪೂರ್ಣಾಂಕಕ್ಕೆ ‘ರೌಂಡ್’ ಮಾಡು ಎಂದು ಗಣಿತದ ಪುಸ್ತಕ ಹೇಳುವಾಗ ಅದೇ ಕ್ರಿಯಾಪದ. ಚಕ್ರ ‘ರೌಂಡ್ ಅಂಡ್ ರೌಂಡ್’ ತಿರುಗುವಾಗ ಕ್ರಿಯಾವಿಶೇಷಣ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎನ್ನುವಾಗ ನಮ್ಮ ‘ಸುತ್ತ’ ಮಾಡುವ ಕೆಲಸವನ್ನೂ ಅದೇ ಮಾಡುತ್ತದೆ. ಒಟ್ಟು ಐದು ಪಾತ್ರ.

ಇಲ್ಲೊಂದು ಎಚ್ಚರಿಕೆ ಬೇಕು. ಒಂದೇ ರೂಪದ ಪದಗಳೆಲ್ಲ ಒಂದೇ ಪದವಲ್ಲ. ‘ಸೌಂಡ್’ ಎಂದರೆ ಶಬ್ದ. ಇದು ಲ್ಯಾಟಿನ್ ಮೂಲದಿಂದ ಫ್ರೆಂಚ್ ದಾರಿಯಾಗಿ ಬಂದದ್ದು. ‘ಸೌಂಡ್’ ಎಂದರೆ ಗಟ್ಟಿಮುಟ್ಟಾದ, ಆರೋಗ್ಯಕರವಾದ ಎಂದೂ ಅರ್ಥ. ಇದು ಹಳೆಯ ಇಂಗ್ಲಿಷಿನದೇ. ನೀರಿನ ಆಳ ಅಳೆಯುವುದನ್ನೂ ‘ಸೌಂಡಿಂಗ್’ ಎನ್ನುತ್ತಾರೆ. ಇದು ಮತ್ತೊಂದು ಫ್ರೆಂಚ್ ಪದ. ಇವು ಬೇರೆ ಬೇರೆ ಊರಿನಿಂದ ಬಂದು ಒಂದೇ ಬಸ್ಸಿನಲ್ಲಿ ಕೂತ ಪ್ರಯಾಣಿಕರಂತೆ. ಬೆಳಕು ಎಂಬರ್ಥದ ‘ಲೈಟ್’ ಮತ್ತು ಹಗುರ ಎಂಬರ್ಥದ ‘ಲೈಟ್’ ಕೂಡ ಮೂಲದಲ್ಲಿ ಎರಡು ಪದಗಳು. ಆದರೆ ಬೆಳಕು ಎಂಬ ‘ಲೈಟ್’ ಮತ್ತು ದೀಪ ಹಚ್ಚು ಎಂಬ ‘ಲೈಟ್’ ಒಂದೇ ಮನೆಯವು. ನಮ್ಮ ಚರ್ಚೆ ಈ ಎರಡನೆಯ ಬಗೆಯದು. ಇಂಗ್ಲಿಷ್ ವ್ಯಾಕರಣಕಾರರು ಇದನ್ನು ‘ಕನ್ವರ್ಷನ್’ ಎನ್ನುತ್ತಾರೆ. ಪದ ತನ್ನ ವೇಷ ಬದಲಿಸದೆ ಪಾತ್ರ ಬದಲಿಸುವುದು ಎನ್ನಬಹುದು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡಿರುತ್ತಿದ್ದವು. ಉಷ್ಣಕ್ಕೆ ‘ಹ್ಯಾತು’, ಕಾಯಿಸುವುದಕ್ಕೆ ‘ಹ್ಯಾತನ್’, ಬಿಸಿಯಾದ ಎನ್ನಲು ‘ಹಾತ್’. ಪದದ ಬಾಲ ನೋಡಿಯೇ ಅದು ನಾಮವೋ ಕ್ರಿಯೆಯೋ ಹೇಳಬಹುದಿತ್ತು. ಕಾಲಕ್ರಮದಲ್ಲಿ ಕೊನೆಯ ಸ್ವರಗಳ ಉಚ್ಚಾರ ಸಡಿಲವಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೆಲವು ಶತಮಾನಗಳ ಕಾಲ ಆಡಳಿತದಲ್ಲಿ ಫ್ರೆಂಚ್ ನಡೆಯಿತು. ಇಂಗ್ಲಿಷ್ ಬಹುಮಟ್ಟಿಗೆ ಆಡುನುಡಿಯಾಗಿ ಉಳಿದು ಈ ಸವೆತ ಇನ್ನಷ್ಟು ಮುಂದುವರಿಯಿತು. ಸುಮಾರು 15ನೆಯ ಶತಮಾನದ ಹೊತ್ತಿಗೆ ಬಾಲಗಳು ಬಹುತೇಕ ಉದುರಿಹೋಗಿದ್ದವು. ‘ಹ್ಯಾತು’, ‘ಹ್ಯಾತನ್’ ಎರಡೂ ಸವೆದು ‘ಹೀಟ್’ ಆದವು. ‘ಹಾತ್’ ಮಾತ್ರ ಸ್ವರದ ವ್ಯತ್ಯಾಸದಿಂದ ‘ಹಾಟ್’ ಆಗಿ ಬೇರೆ ಉಳಿಯಿತು.

ಬಾಲ ಹೋದ ಮೇಲೆ ಪದದ ಪಾತ್ರವನ್ನು ಗುರುತಿಸುವುದು ಹೇಗೆ? ವಾಕ್ಯದಲ್ಲಿ ಅದು ನಿಂತ ಜಾಗದಿಂದ. ‘ದ’ ಎಂಬುದರ ಮುಂದೆ ನಿಂತರೆ ನಾಮ, ‘ಟು’ ಮುಂದೆ ನಿಂತರೆ ಸಾಮಾನ್ಯವಾಗಿ ಕ್ರಿಯೆ. ನಾಟಕದಲ್ಲಿ ಮುಖವಾಡ ಕಳೆದುಹೋದಾಗ ನಟ ರಂಗದ ಯಾವ ಮೂಲೆಯಲ್ಲಿ ನಿಂತಿದ್ದಾನೆ ಎಂಬುದರಿಂದ ರಾಜನೋ ಮಂತ್ರಿಯೋ ತಿಳಿದುಕೊಂಡ ಹಾಗೆ. ಈ ಏರ್ಪಾಡು ಒಮ್ಮೆ ನೆಲೆಗೊಂಡ ಮೇಲೆ ಹೊಸ ಪದಗಳಿಗೂ ದಾರಿ ತೆರೆಯಿತು. ‘ಗೂಗಲ್’ ಎಂಬುದು ಒಂದು ಸಂಸ್ಥೆಯ ಹೆಸರು. ಅದು ಹುಟ್ಟಿ ಕೆಲವೇ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆಯಿತು. ಯಾರೂ ಪ್ರತ್ಯಯ ಹುಡುಕಲಿಲ್ಲ.

ಪದಗಳನ್ನು ವರ್ಗಗಳಾಗಿ ವಿಂಗಡಿಸುವ ಕೆಲಸ ಮಾತ್ರ ಬಹಳ ಹಳೆಯದು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ವ್ಯಾಕರಣಕಾರ ಡಯೊನೀಸಿಯಸ್ ಥ್ರಾಕ್ಸ್ ಎಂಟು ವರ್ಗ ಮಾಡಿದ. ಅದರಲ್ಲಿ ಗುಣವಾಚಕಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ, ಅದು ನಾಮದೊಳಗೇ ಇತ್ತು. ನಮ್ಮ ಶಾಲಾ ವ್ಯಾಕರಣದಲ್ಲಿ ಗುಣವಾಚಕವನ್ನು ನಾಮಪದದ ಒಂದು ಭೇದವಾಗಿಯೇ ಕಲಿಸುವುದು ನಿಮಗೆ ನೆನಪಿರಬಹುದು. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ಸ್ವತಂತ್ರ ವರ್ಗ ಕೊಟ್ಟು ಇಂದಿನ ಪರಿಚಿತ ಎಂಟರ ಪಟ್ಟಿಯನ್ನು 1761ರ ತನ್ನ ವ್ಯಾಕರಣ ಪುಸ್ತಕದಲ್ಲಿ ಮುಂದಿಟ್ಟವನು ಯಾರೆಂದು ಊಹಿಸಬಲ್ಲಿರಾ? ಜೋಸೆಫ್ ಪ್ರೀಸ್ಟ್ಲಿ. ಹೌದು, 1774ರಲ್ಲಿ ಪಾದರಸದ ಆಕ್ಸೈಡನ್ನು ಕಾಯಿಸಿ ಆಕ್ಸಿಜನ್ ಪಡೆದ ಅದೇ ಪ್ರೀಸ್ಟ್ಲಿ. ವಿಜ್ಞಾನದ ಮೇಷ್ಟ್ರಿಗೆ ವ್ಯಾಕರಣ ಯಾಕೆ ಎನ್ನುವವರಿಗೆ ಹೇಳಲು ಇದೊಂದು ಒಳ್ಳೆಯ ಉದಾಹರಣೆ.

ಆದರೆ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಯಾಸ್ಕನ ವಿಂಗಡಣೆ. ಪ್ರೀಸ್ಟ್ಲಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ನಿರುಕ್ತಕಾರ ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ಮಾಡಿದ. ನಾಮದಲ್ಲಿ ‘ಸತ್ತ್ವ’ ಅಂದರೆ ಇರುವಿಕೆ ಪ್ರಧಾನ. ಆಖ್ಯಾತ ಅಂದರೆ ಕ್ರಿಯಾಪದದಲ್ಲಿ ‘ಭಾವ’, ಆಗುವಿಕೆ ಪ್ರಧಾನ. ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಆಗುತ್ತಿರುವ ಕ್ರಿಯೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದು ಮುದ್ದೆಯಾಗಿ ಕಂಡಾಗ ಅದಕ್ಕೂ ನಾಮದ ವೇಷ ಬರುತ್ತದೆ ಎಂದು ಸೂಚಿಸಿದ. ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು ‘ಪಕ್ತಿ’, ಅಂದರೆ ಅಡುಗೆ, ಬೇಯಿಸುವಿಕೆ. ಬೇಯಿಸುವುದು ಒಂದು ಕೆಲಸ. ಆದರೆ ‘ಅಡುಗೆ’ ಎಂದ ಕೂಡಲೇ ಅದೊಂದು ವಸ್ತುವಿನಂತೆ ಕಾಣತೊಡಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಳೆಯಲ್ಲಿ, ಬೆಳೆಯಲಿ

ಒಂದೇ ಪದ ಎರಡು ಪಾತ್ರ ವಹಿಸುವುದು ಇಂಗ್ಲಿಷಿನ ಸೊತ್ತೇನಲ್ಲ. ನಡೆ, ನುಡಿ, ಓದು, ನಗು, ಅಳು, ಹಾಡು, ಉರಿ, ಮಿಂಚು, ಗುಡುಗು, ಕಟ್ಟು, ಸುತ್ತು ಇವೆಲ್ಲ ನಾಮವೂ ಹೌದು, ಧಾತುವೂ ಹೌದು. ಯಾವ ಪ್ರತ್ಯಯವೂ ಸೇರದೆ ಧಾತು ಇದ್ದ ಹಾಗೆಯೇ ಭಾವನಾಮವಾಗುವುದುಂಟು ಎಂದು ಪ್ರೌಢಶಾಲೆಯ ವ್ಯಾಕರಣ ಪಾಠದಲ್ಲೇ ಬರುತ್ತದೆ. ತುಂಗಭದ್ರೆಗೆ ಕಟ್ಟಿದ್ದು ಅಣೆಕಟ್ಟು. ಹಗರಿಬೊಮ್ಮನಹಳ್ಳಿಯ ರೈತರು ಬೆಳೆಯುವುದು ಬೆಳೆ.

ಆದರೂ ನಮ್ಮ ಮಕ್ಕಳು ‘ಬೆಳೆ’ಯ ವಿಷಯದಲ್ಲಿ ಎಡವುವುದಿಲ್ಲ. ಯಾಕೆಂದರೆ ಕನ್ನಡದಲ್ಲಿ ಪದ ವಾಕ್ಯದೊಳಕ್ಕೆ ಬರಿಗೈಯಲ್ಲಿ ಬರುವುದು ಅಪರೂಪ. ‘ಬೆಳೆಯನ್ನು’ ಎಂದರೆ ನಾಮ, ‘ಬೆಳೆದರು’ ಎಂದರೆ ಕ್ರಿಯೆ. ‘ಬೆಳೆಯಲ್ಲಿ’ ಎಂದರೆ ಪೈರಿನೊಳಗೆ, ‘ಬೆಳೆಯಲಿ’ ಎಂದರೆ ಅದು ದೊಡ್ಡದಾಗಲಿ. ಒಂದು ಒತ್ತಕ್ಷರದಲ್ಲಿ ನಾಮ ಕ್ರಿಯೆಯಾಯಿತು. ಶುದ್ಧ ಬರಹದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಪದಗಳ ಜಾಗ ಬದಲಿಸಿ ‘ಜೋಳದ ಬೆಳೆಯನ್ನು ರೈತರು ಬೆಳೆದರು’ ಎನ್ನಿ, ‘ರೈತರು ಜೋಳದ ಬೆಳೆಯನ್ನು ಬೆಳೆದರು’ ಎನ್ನಿ, ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಪಾತ್ರ ನಿರ್ಧರಿಸುವುದು ಜಾಗ, ಕನ್ನಡದಲ್ಲಿ ಪ್ರತ್ಯಯ. ಪದದ ಕೊನೆಯನ್ನು ಗಮನಿಸುವ ಅಭ್ಯಾಸವಿರುವ ವಿದ್ಯಾರ್ಥಿಗೆ, ಕೊನೆಯಲ್ಲಿ ಏನೂ ಇಲ್ಲದ ಭಾಷೆ ಎದುರಾದಾಗ ದಿಕ್ಕು ತಪ್ಪುವುದು ಸಹಜ. ಅದು ಬುದ್ಧಿಯ ಕೊರತೆಯಲ್ಲ.

ಬಳ್ಳಾರಿಯಿಂದ ಹೊರಟ ನಿಘಂಟು

ಈ ಎರಡು ಭಾಷೆಗಳನ್ನು ಅಚ್ಚಿನಲ್ಲಿ ಎದುರುಬದುರಾಗಿ ನಿಲ್ಲಿಸುವ ಕೆಲಸ ಶುರುವಾದದ್ದು ಇದೇ ಸೀಮೆಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಹಗರಿಬೊಮ್ಮನಹಳ್ಳಿ ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಅದಕ್ಕೆ ಮೊದಲು ಈ ಭಾಗವೆಲ್ಲ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದ. ಅವನ ಜೊತೆಗೂಡಿದ ವಿಲಿಯಂ ರೀವ್ ನಿಘಂಟಿನ ಕೆಲಸ ಹಿಡಿದ. ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದ. ಕಿಟೆಲ್‌ನ ಮಹಾ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ, ಅಂದರೆ ರೀವ್‌ನ ಮೊದಲ ಪುಸ್ತಕ ಬಂದ 70 ವರ್ಷಗಳ ಮೇಲೆ.

ನಿಘಂಟುಕಾರ ಒಂದು ವಿಷಯದಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲಿಷಿನಲ್ಲಿ ಸ್ಯಾಮುಯಲ್ ಜಾನ್ಸನ್ 1755ರಲ್ಲೇ ಒಂದು ಪದ್ಧತಿ ಹಾಕಿಕೊಟ್ಟಿದ್ದ: ಒಂದೇ ಪದ ನಾಮವಾದಾಗ ಒಂದು ನಮೂದು, ಸಕರ್ಮಕ ಕ್ರಿಯೆಯಾದಾಗ ಇನ್ನೊಂದು, ಅಕರ್ಮಕವಾದಾಗ ಮತ್ತೊಂದು. ಪಕ್ಕದಲ್ಲಿ ಕನ್ನಡ ಬರೆಯುವಾಗ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ. ಏಕೆಂದರೆ ಇಂಗ್ಲಿಷಿನ ಒಂದು ‘ಹೀಟ್’ಗೆ ನಮ್ಮಲ್ಲಿ ‘ಕಾವು’, ‘ಕಾಯು’, ‘ಕಾಯಿಸು’ ಎಂದು ಮೂರು ಪದಗಳನ್ನಾದರೂ ಕೊಡಲೇಬೇಕು.

ನಿಘಂಟುಗಳು ಪಾಲಿಸಿದ ಈ ಶಿಸ್ತು ವಿಜ್ಞಾನದ ಪರಿಭಾಷೆಯ ಪಟ್ಟಿಗಳಿಗೆ ಬರುವಾಗ ಸಡಿಲವಾಯಿತು ಎಂಬುದು ನನ್ನ ಅಭಿಪ್ರಾಯ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಆರಂಭಿಸಿದಾಗ ಕನ್ನಡದಲ್ಲಿ ವಿಜ್ಞಾನ ಬರೆಯಬಲ್ಲೆವೆಂದು ತೋರಿಸುವುದೇ ದೊಡ್ಡ ಸಾಹಸವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಬಂತು. ಪಠ್ಯಪುಸ್ತಕಗಳ ಜೊತೆಜೊತೆಗೆ ಪಾರಿಭಾಷಿಕ ಪದಗಳ ಪಟ್ಟಿಗಳೂ ಬೆಳೆದವು. ಪಟ್ಟಿಯ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಫೋರ್ಸ್ – ಬಲ. ವರ್ಕ್ – ಕೆಲಸ. ಹೀಟ್ – ಉಷ್ಣ. ಚಾರ್ಜ್ – ಆವೇಶ. ಎಡಗಡೆಯ ಪ್ರತಿಯೊಂದು ಪದವೂ ನಾಮವೂ ಹೌದು ಕ್ರಿಯೆಯೂ ಹೌದು. ಬಲಗಡೆಯವೆಲ್ಲ ಬರೀ ನಾಮಗಳು.

ಇದಕ್ಕೆ ಕಾರಣವಿದೆ, ಅದನ್ನು ಹೇಳದಿದ್ದರೆ ಹಿರಿಯರಿಗೆ ಅನ್ಯಾಯವಾಗುತ್ತದೆ. ವಿಜ್ಞಾನದಲ್ಲಿ ಮೊದಲು ಬೇಕಾಗುವುದು ಪರಿಕಲ್ಪನೆಗಳ ಹೆಸರು. ಸಂಸ್ಕೃತ ನಾಮಗಳು ಒಂದಕ್ಕೊಂದು ಸುಲಭವಾಗಿ ಜೋಡಣೆಯಾಗುತ್ತವೆ: ಉಷ್ಣವಾಹಕ, ಉಷ್ಣನಿರೋಧಕ, ಉಷ್ಣಮಾಪಕ. ‘ಕಾವು’ ಹಿಡಿದುಕೊಂಡು ಇಷ್ಟು ಸಲೀಸಾಗಿ ಮಾಲೆ ಕಟ್ಟಲಾಗದು. ಕ್ರಿಯೆ ಬೇಕಾದಾಗ ‘ಇಸು’ ಹಚ್ಚುವ ದಾರಿಯೂ ಇತ್ತು. ಕೇಶಿರಾಜನ ಕಾಲಕ್ಕಾಗಲೇ ರೂಢಿಯಲ್ಲಿದ್ದ ದಾರಿ ಅದು. ಚಲನೆಯಿಂದ ಚಲಿಸು, ಪ್ರತಿಫಲನದಿಂದ ಪ್ರತಿಫಲಿಸು, ಪ್ರಕಾಶದಿಂದ ಪ್ರಕಾಶಿಸು ಸೊಗಸಾಗಿಯೇ ನಡೆದವು. ಆದರೆ ‘ಬಲಿಸು’, ‘ಉಷ್ಣಿಸು’ ಎನ್ನಲು ನಾಲಿಗೆ ಒಪ್ಪಲಿಲ್ಲ. ಆಗ ಹುಟ್ಟಿದ್ದೇ ‘ದ್ರವದ ಉಷ್ಣೀಕರಣವನ್ನು ಮಾಡಲಾಗುತ್ತದೆ’ ಎಂಬ ಜಾತಿಯ ವಾಕ್ಯಗಳು. ನೀರನ್ನು ಕಾಯಿಸಿ ಎಂಬ ಎರಡು ಪದದ ಮಾತಿಗೆ ಇಷ್ಟು ದೊಡ್ಡ ಮೆರವಣಿಗೆ! ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ನಾಮಪದವನ್ನು ‘ಹೆಸರುಪದ’, ಕ್ರಿಯಾಪದವನ್ನು ‘ಎಸಕಪದ’ ಎಂದು ಕರೆದು, ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಬೇರುಗಳಿಂದ ಸಾಟಿಪದಗಳನ್ನು ಕಟ್ಟುವ ಕೆಲಸ ಮಾಡಿದ್ದಾರೆ. ಅವರ ಎಲ್ಲ ಪದಗಳೂ ತರಗತಿಗೆ ಒಗ್ಗುತ್ತವೆ ಎಂದು ನಾನು ಹೇಳಲಾರೆ. ಹೆಸರಿಗೊಂದು, ಎಸಕಕ್ಕೊಂದು ಎಂದು ಎರಡನ್ನೂ ಕೇಳುವ ಅಭ್ಯಾಸ ಮಾತ್ರ ಅಧ್ಯಾಪಕರಿಗೆ ಬೇಕಾದದ್ದೇ.

ಇದೆಲ್ಲ ಬರೀ ಶೈಲಿಯ ಮಾತು, ವಿಜ್ಞಾನಕ್ಕೇನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅದಕ್ಕಾಗಿ ಯಾಸ್ಕನ ಅಡುಗೆಮನೆಗೆ ಹಿಂದಿರುಗೋಣ.

ವಸ್ತುವೋ, ವ್ಯಾಪಾರವೋ?

18ನೆಯ ಶತಮಾನದ ಕೊನೆಯ ಹೊತ್ತಿಗೆ ಉಷ್ಣ ಒಂದು ‘ಸತ್ತ್ವ’ ಎಂದು ಬಹಳ ಮಂದಿ ನಂಬಿದ್ದರು. ಅದು ತೂಕವಿಲ್ಲದ, ಕಣ್ಣಿಗೆ ಕಾಣದ ಒಂದು ದ್ರವ. ಬಿಸಿ ವಸ್ತುವಿನಲ್ಲಿ ಹೆಚ್ಚು ಇರುತ್ತದೆ, ತಣ್ಣನೆಯದಕ್ಕೆ ಹರಿದುಹೋಗುತ್ತದೆ. 1787ರಲ್ಲಿ ಲವಾಸಿಯೇ ಮತ್ತು ಅವನ ಸಂಗಡಿಗರು ರಸಾಯನವಿಜ್ಞಾನದ ನಾಮಕರಣ ಪದ್ಧತಿಯನ್ನು ಹೊಸದಾಗಿ ರೂಪಿಸಿದಾಗ ಇದಕ್ಕೆ ‘ಕ್ಯಾಲೊರಿಕ್’ ಎಂಬ ಹೆಸರನ್ನು ಬಳಕೆಗೆ ತಂದರು. 1789ರ ತನ್ನ ಗ್ರಂಥದಲ್ಲಿ ಲವಾಸಿಯೇ ಕೊಟ್ಟ 33 ಸರಳ ಪದಾರ್ಥಗಳ ಪಟ್ಟಿಯಲ್ಲಿ ಆಕ್ಸಿಜನ್, ಹೈಡ್ರೊಜನ್‌ಗಳ ಜೊತೆ ಬೆಳಕೂ ಕ್ಯಾಲೊರಿಕ್ಕೂ ಕೂತಿವೆ. ಭಾಷೆಯನ್ನು ತಿದ್ದದೆ ವಿಜ್ಞಾನವನ್ನು ತಿದ್ದಲಾಗದು ಎಂದು ನಂಬಿದ್ದವನು ಅವನು. ಅವನಂಥವನೇ ಒಂದು ಆಗುವಿಕೆಗೆ ವಸ್ತುವಿನ ಹೆಸರಿಟ್ಟು ಸಿಕ್ಕಿಹಾಕಿಕೊಂಡ ಎನ್ನುವುದು ವಿಚಿತ್ರ.

ಬಿಡಿಸಲು ಬಂದವನು ರಮ್‌ಫರ್ಡ್. ಮ್ಯೂನಿಕ್‌ನ ಕಾರ್ಖಾನೆಯಲ್ಲಿ ಫಿರಂಗಿಗಳಿಗೆ ರಂಧ್ರ ಕೊರೆಯುವಾಗ ಲೋಹ ವಿಪರೀತ ಕಾಯುವುದನ್ನು ಅವನು ಗಮನಿಸಿದ್ದ. ಮೊಂಡಾದ ಕೊರೆಯುವ ಉಪಕರಣವನ್ನು ಕುದುರೆಗಳಿಂದ ತಿರುಗಿಸಿ, ಫಿರಂಗಿಯ ಲೋಹವನ್ನು ನೀರಿನ ತೊಟ್ಟಿಯೊಳಗೆ ಇಟ್ಟು ನೋಡಿದ. ಸುಮಾರು ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು, ಕೆಳಗೆ ಬೆಂಕಿಯೇ ಇರಲಿಲ್ಲ! ಉಜ್ಜುತ್ತಿರುವಷ್ಟು ಹೊತ್ತೂ ಬಿಸಿ ಬರುತ್ತಲೇ ಇತ್ತು. ಒಂದು ವಸ್ತುವಿನಲ್ಲಿ ತುಂಬಿಟ್ಟ ದ್ರವ ಹೀಗೆ ಕೊನೆಯಿಲ್ಲದೆ ಹೊರಬರುವುದು ಸಾಧ್ಯವೇ? 1798ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಇಟ್ಟ ಪ್ರಶ್ನೆ ಇದು. ನಮ್ಮ ಗಿರಣಿಯ ಕಲ್ಲುಗಳ ನಡುವೆ ಸಿಕ್ಕ ಜೋಳ ಬಿಸಿ ಹಿಟ್ಟಾಗಿ ಬೀಳುವುದೂ ಇದೇ ಪ್ರಯೋಗ. 1840ರ ದಶಕದಲ್ಲಿ ಜೂಲ್, ಬೀಳುವ ತೂಕಗಳಿಂದ ನೀರಿನೊಳಗೆ ಚಕ್ರ ತಿರುಗಿಸಿ ಎಷ್ಟು ಕೆಲಸಕ್ಕೆ ಎಷ್ಟು ಬಿಸಿ ಎಂಬ ಲೆಕ್ಕ ಕಟ್ಟಿಕೊಟ್ಟ. ಕ್ಯಾಲೊರಿಕ್ ಸತ್ತಿತು, ‘ಕ್ಯಾಲೊರಿ’ ಎಂಬ ಏಕಮಾನ ಅದರ ನೆನಪಾಗಿ ಉಳಿಯಿತು. ಒಂದು ಕ್ಯಾಲೊರಿ ಎಂದರೆ ಸುಮಾರು 4.18 ಜೂಲ್.

ಕ್ಯಾಲೊರಿಕ್ ಸತ್ತರೂ ‘ಹೀಟ್’ ನಾಮಪದವಾಗಿಯೇ ಉಳಿಯಿತಲ್ಲ! ಇಂದಿನ ಉಷ್ಣಚಲನವಿಜ್ಞಾನದ ಪ್ರಕಾರ, ತಾಪದ ವ್ಯತ್ಯಾಸದಿಂದಾಗಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುತ್ತಿರುವ ಶಕ್ತಿಗೆ ಮಾತ್ರ ಉಷ್ಣವೆಂದು ಹೆಸರು. ದಾಟಿದ ಮೇಲೆ ಅದು ಆ ವಸ್ತುವಿನ ಆಂತರಿಕ ಶಕ್ತಿಯ ಭಾಗ. ಆದ್ದರಿಂದ ‘ಈ ನೀರಿನಲ್ಲಿ ಇಷ್ಟು ಉಷ್ಣ ಇದೆ’ ಎಂಬ ವಾಕ್ಯವೇ ತಪ್ಪು. ನಾಮಪದ ಬಳಸಿದ ಕೂಡಲೇ ‘ಇದೆ’ ಎನ್ನಬೇಕೆನಿಸುತ್ತದೆ. ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯ ಸಂಪಾದಕ ರಾಬರ್ಟ್ ರೋಮರ್ 2001ರಲ್ಲಿ ಬರೆದ ಸಂಪಾದಕೀಯದ ಶೀರ್ಷಿಕೆಯೇ ‘ಹೀಟ್ ನಾಮಪದವಲ್ಲ’ ಎಂದು.

ಹಾಗಾದರೆ ಕ್ರಿಯಾಪದವಾಗಿ ಬಳಸೋಣವೇ? ಅದಕ್ಕೂ ಆಕ್ಷೇಪ ಬಂದಿತ್ತು, ಅದೂ ಮೂವತ್ತೊಂದು ವರ್ಷ ಮೊದಲೇ. ನಮ್ಮ ಕಾಲೇಜುಗಳಲ್ಲೂ ಓದುವ ‘ಯೂನಿವರ್ಸಿಟಿ ಫಿಸಿಕ್ಸ್’ ಪುಸ್ತಕದ ಲೇಖಕರಲ್ಲಿ ಒಬ್ಬನಾದ ಮಾರ್ಕ್ ಜಮಾನ್ಸ್ಕಿ 1970ರಲ್ಲಿ ‘ದ ಫಿಸಿಕ್ಸ್ ಟೀಚರ್’ ಪತ್ರಿಕೆಯಲ್ಲಿ ಈ ಪದದ ದುರ್ಬಳಕೆಗಳನ್ನು ಚರ್ಚಿಸಿದ. ಅದನ್ನು ಕ್ರಿಯಾಪದವಾಗಿ ಬಳಸುವುದೂ ಅವುಗಳಲ್ಲೊಂದು. ಕಾರಣ ಹೀಗೆ ವಿವರಿಸಬಹುದು: ‘ಹೀಟ್ ಮಾಡಿದೆವು’ ಎಂದರೆ ಉಷ್ಣ ಒಳಹೋಯಿತು ಎಂಬ ಭಾವನೆ ಬರುತ್ತದೆ. ಆದರೆ ಸೈಕಲ್ ಪಂಪನ್ನು ಜೋರಾಗಿ ಒತ್ತಿ ನೋಡಿ. ಅದರ ತುದಿ ಬಿಸಿಯಾಗುತ್ತದೆ. ಹೊರಗಿನ ಯಾವ ಬಿಸಿ ವಸ್ತುವಿನಿಂದಲೂ ಉಷ್ಣ ಬಂದಿಲ್ಲ. ನಿಮ್ಮ ತೋಳು ಗಾಳಿಯ ಮೇಲೆ ಕೆಲಸ ಮಾಡಿದೆ, ಗಾಳಿಯ ತಾಪ ಏರಿದೆ. ಒಬ್ಬ ನಾಮ ಬೇಡ ಎನ್ನುತ್ತಾನೆ, ಇನ್ನೊಬ್ಬ ಕ್ರಿಯೆ ಬೇಡ ಎನ್ನುತ್ತಾನೆ. ಪಾಪ, ‘ಹೀಟ್’ ಎಲ್ಲಿಗೆ ಹೋಗಬೇಕು?

ಎರಡು ಪಾತ್ರವನ್ನು ಒಂದೇ ಪದಕ್ಕೆ ವಹಿಸಿದ್ದರಿಂದ ಹುಟ್ಟಿದ ಕಷ್ಟ ಇದು. ಈಗ ಕನ್ನಡದ ಕಡೆ ತಿರುಗಿ. ‘ಮೋಟಾರು ಕಾದಿದೆ’, ‘ನೀರು ಕಾಯಿತು’, ‘ಪಂಪು ಕಾಯುತ್ತದೆ’. ಇಲ್ಲಿ ‘ಕಾಯು’ ಹೇಳುವುದು ತಾಪ ಏರಿತೆಂಬ ಫಲಿತಾಂಶವನ್ನು ಮಾತ್ರ. ಒಲೆಯಿಂದ ಉಷ್ಣ ಬಂತೋ, ಉಜ್ಜಾಟದಿಂದಾಯಿತೋ, ವಿದ್ಯುತ್ತಿನ ಕೆಲಸದಿಂದಾಯಿತೋ ಎಂಬುದನ್ನು ಅದು ಮುಟ್ಟುವುದೇ ಇಲ್ಲ. ಬೇರೊಬ್ಬರು ಬೇಕೆಂದೇ ಮಾಡಿದರೆ ‘ಕಾಯಿಸು’ ಅಥವಾ ‘ಕಾಸು’. ಕಾದದ್ದನ್ನು ವಿಶೇಷಣವಾಗಿ ಹೇಳಬೇಕಾದರೆ ‘ಕಾದ’. ‘ಉಷ್ಣ’ ಎಂಬ ಸಂಸ್ಕೃತ ನಾಮ ಇವೆಲ್ಲದರಿಂದ ದೂರ, ಬೇರೆಯಾಗಿ ನಿಂತಿದೆ. ದಾಟುತ್ತಿರುವ ಶಕ್ತಿಗೆ ಮಾತ್ರ ಅದನ್ನು ಮೀಸಲಿಡಬಹುದು. ‘ಗಿರಣಿಯ ಹಿಟ್ಟಿಗೆ ಹೊರಗಿನಿಂದ ಉಷ್ಣ ಬರದಿದ್ದರೂ ಅದು ಕಾಯಿತು’ ಎಂದು ಕನ್ನಡದಲ್ಲಿ ಸರಾಗವಾಗಿ ಹೇಳಬಹುದು. ಇದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟರೆ ‘ಹೀಟ್ ಇಲ್ಲದೆ ಹೀಟ್ ಆಯಿತು’ ಎಂದು ಕೇಳಿಸುತ್ತದೆ. ಜಮಾನ್ಸ್ಕಿ ಬಯಸಿದ ಬೇರ್ಪಡೆ ನಮ್ಮ ಬಚ್ಚಲ ಒಲೆಯ ಮುಂದೆ ಎಂದಿನಿಂದಲೋ ಇದೆ. ನಾವು ಅದನ್ನು ತರಗತಿಯೊಳಗೆ ಕರೆದುಕೊಂಡಿಲ್ಲ, ಅಷ್ಟೇ.

ಇಷ್ಟು ಹೇಳಿ ಬೀಗುವಂತಿಲ್ಲ. ಕನ್ನಡಕ್ಕೂ ತನ್ನದೇ ತೊಡಕುಗಳಿವೆ. ಮಂಜುಗಡ್ಡೆ ಕರಗಿತು ಎನ್ನುತ್ತೇವೆ, ಸಕ್ಕರೆ ನೀರಿನಲ್ಲಿ ಕರಗಿತು ಎಂದೂ ಎನ್ನುತ್ತೇವೆ. ಒಂದು ಸ್ಥಿತಿ ಬದಲಾವಣೆ, ಇನ್ನೊಂದು ದ್ರಾವಣವಾಗುವುದು. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮ ಪುಟ್ಟ ಮಕ್ಕಳು ‘ಸಕ್ಕರೆ ನೀರಾಯಿತು’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ‘ದ್ರಾವಣ’, ‘ದ್ರವೀಕರಣ’ದಂಥ ಸಂಸ್ಕೃತ ಪದಗಳೇ ನಮ್ಮನ್ನು ಕಾಯಬೇಕು. ನೋಡಿ, ‘ಕಾಯು’ ಬಂದೇ ಬಂತು! ದನ ಕಾಯುವುದು, ಬಸ್ಸಿಗೆ ಕಾಯುವುದು ಬೇರೆ, ನೀರು ಕಾಯುವುದು ಬೇರೆ. ಹೆಂಚೂ ಕಾದಿದೆ, ಊಟಕ್ಕೆ ಕೂತವರೂ ಕಾದಿದ್ದಾರೆ. ‘ಉಷ್ಣ’ ಮತ್ತು ‘ಉಷ್ಣತೆ’ಯ ಕತೆಯೂ ಇದೆ. ಎರಡಕ್ಕೂ ನಡುವೆ ಇರುವುದು ಒಂದು ‘ತೆ’ ಮಾತ್ರ, ಆದರೆ ಒಂದು ಶಕ್ತಿ, ಇನ್ನೊಂದು ತಾಪ. ‘ಉಷ್ಣ’ ಸಂಸ್ಕೃತದಲ್ಲಿ ‘ಬಿಸಿಯಾದ’ ಎಂಬ ಗುಣವಾಚಕವೂ ಹೌದು. ಅದಕ್ಕೆ ‘ತೆ’ ಸೇರಿಸಿ ಬಿಸಿಯಾಗಿರುವಿಕೆ ಎಂದು ಮಾಡಿದ್ದು. ಪರೀಕ್ಷೆಯಲ್ಲಿ ಈ ಒಂದಕ್ಷರಕ್ಕೆ ಅಂಕ ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಟೆಂಪರೇಚರ್‌ಗೆ ‘ತಾಪ’ ಎಂಬ ಪದವೇ ತರಗತಿಯಲ್ಲಿ ಕ್ಷೇಮ.

ಜನ ಈ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಇಂಗ್ಲಿಷಿನಿಂದ ಯಾವ ಪದ ಬಂದರೂ ಕನ್ನಡ ಅದನ್ನು ಮೊದಲು ಹೆಸರಾಗಿಯೇ ಬರಮಾಡಿಕೊಳ್ಳುತ್ತದೆ. ಕ್ರಿಯೆ ಬೇಕಾದಾಗ ‘ಆಗು’ ಅಥವಾ ‘ಮಾಡು’ ಜೋಡಿಸುತ್ತದೆ. ‘ಮೊಬೈಲ್ ಚಾರ್ಜ್ ಆಗ್ತಾ ಐತಿ’, ‘ಮೊಬೈಲ್ ಚಾರ್ಜ್ ಮಾಡಾಕತ್ತೀನಿ’. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ಚಾರ್ಜಿಂಗ್’ ಒಂದೇ. ತಾನಾಗಿ ಆಗುವುದಕ್ಕೂ ಒಬ್ಬರು ಮಾಡುವುದಕ್ಕೂ ಇರುವ ಭೇದವನ್ನು ಮೊಬೈಲ್ ಅಂಗಡಿಯ ಹುಡುಗ ಒಂದು ಸಣ್ಣ ಕ್ರಿಯಾಪದದಿಂದ ತೋರಿಸಿಬಿಡುತ್ತಾನೆ. ಗಿರಣಿಯವನ ‘ಹೀಟ್ ಆಗೇತಿ’ಯೂ ಅಂಥದ್ದೇ. ಸುರುಳಿಯಲ್ಲಿ ಹರಿದ ವಿದ್ಯುತ್ತಿನಿಂದ ಮೋಟಾರು ಕಾದಿದೆ, ಯಾರೂ ಅದನ್ನು ಒಲೆಯ ಮೇಲಿಟ್ಟಿಲ್ಲ. ಅವನು ‘ಹೀಟ್ ಐತಿ’ ಎನ್ನಲಿಲ್ಲ, ‘ಆಗೇತಿ’ ಎಂದ. ರೋಮರ್‌ಗೆ ಈ ಮಾತು ಒಪ್ಪಿಗೆಯಾಗುತ್ತಿತ್ತೇನೋ.

ಅಧ್ಯಾಪಕರಾದ ನಿಮಗೆ ಒಂದು ಚಿಕ್ಕ ಕೆಲಸ. ಇಂಗ್ಲಿಷ್ ಪಾಠದ ಒಂದು ಪುಟವನ್ನು ಆರಿಸಿಕೊಂಡು ವರ್ಕ್, ಹೀಟ್, ಚಾರ್ಜ್, ಲೈಟ್, ಮೆಷರ್, ಫೋರ್ಸ್ ಇರುವ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪ್ರತಿ ಪದದ ಹಿಂದೆ ಮುಂದೆ ಏನು ನಿಂತಿದೆ ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ, ಆಮೇಲೆ ಆಡುಗನ್ನಡದಲ್ಲಿ ಅದೇ ವಾಕ್ಯ ಹೇಳಲು ಬಿಡಿ. ‘ಮೆಷರ್’ ಒಂದು ಕಡೆ ‘ಅಳತೆ’, ಇನ್ನೊಂದು ಕಡೆ ‘ಅಳೆ’ ಆಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಇದಕ್ಕೆ ಒಂದು ಪೀರಿಯಡ್ ಸಾಕು.

ಹಗರಿಬೊಮ್ಮನಹಳ್ಳಿಯ ಕಡೆಯವರಾದರೆ ಇನ್ನೊಂದು ಪದವನ್ನು ಹೊರಗೆ ಹೋಗಿಯೇ ನೋಡಬಹುದು. ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕೆರೆಯೊಳಗಿನ ಜಾಲಿ ಮರಗಳ ಮೇಲೆ ಕೊಕ್ಕರೆ ಜಾತಿಯ ಹಕ್ಕಿಗಳು ಗೂಡು ಕಟ್ಟುತ್ತವೆ. ಮೊಟ್ಟೆಯ ಮೇಲೆ ಕೂತ ಹಕ್ಕಿಯನ್ನು ತೋರಿಸಿ ಅದು ಏನು ಮಾಡುತ್ತಿದೆ ಎಂದು ಕೇಳಿದರೆ ಯಾವ ಮಗುವಾದರೂ ‘ಕಾವು ಕೊಡಾಕತ್ತೈತಿ’ ಎನ್ನುತ್ತದೆ. ಬೆಚ್ಚಗಿನ ದೇಹದಿಂದ ತಣ್ಣನೆಯ ಮೊಟ್ಟೆಗೆ ದಾಟುವ ಶಕ್ತಿ. ಪುಸ್ತಕದ ವ್ಯಾಖ್ಯೆಯೂ ಇದೇ ಅಲ್ಲವೇ? ಬಿಸಿಲು ಏರಿದ ಮಧ್ಯಾಹ್ನ ಹೋದರೆ ಮಾತ್ರ ಕೊಕ್ಕರೆ ಮರಿಗಳ ಪಕ್ಕ ಎದ್ದು ನಿಂತು ರೆಕ್ಕೆ ಬಿಚ್ಚಿ ನೆರಳು ಮಾಡುತ್ತಿರುವುದು ಕಂಡೀತು. ಆಗ ಅದು ಕಾವು ಕೊಡುತ್ತಿಲ್ಲ, ಕಾಯುತ್ತಿದೆ.